ಅವನು ಒತ್ತದ ಬಟನ್

ಇನ್ನೊಂದೇ ಒಂದು ಏಟು. ಅದು ಬಿದ್ದಿದ್ದರೆ ಚಿಗುಸಾಳ ಕುಸ್ತಿಪಟು ನೆಲಕಚ್ಚುತ್ತಿದ್ದ, ಫೈನಲ್ ಮುಗಿಯುತ್ತಿತ್ತು.

ಆದರೆ ವಿಡಿಯೋ ಗೇಮಿನ ಪರದೆಯ ಮೇಲೆ ಎದುರಾಳಿಯ ಕುಸ್ತಿಪಟು ಸುಮ್ಮನೆ ನಿಂತುಬಿಟ್ಟ. ಹೊಡೆಯಲಿಲ್ಲ, ತಡೆಯಲೂ ಇಲ್ಲ. ಚಿಗುಸಾಳ ಕೈ ಮಾತ್ರ ಅಭ್ಯಾಸಬಲದಿಂದ ಓಡಿತು. ಅವಳ ಕುಸ್ತಿಪಟು ಅವನನ್ನು ಎತ್ತಿ ಕುಕ್ಕಿದ. ಗೆದ್ದವಳು ಅವಳೇ!

ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಗೇಮ್ ಸೆಂಟರ್‌ನ ಮಾಲೀಕ ತ್ಸುರುಮಾಕಿ ಮೈಕಿನಲ್ಲಿ ಅವಳ ಆಟದ ಹೆಸರು ಕೂಗಿದರು, "ಕಾಡುಬೆಕ್ಕು!" ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಬಿಟ್ಟುಕೊಟ್ಟನಾ... ನನಗೆ?

ಜಪಾನಿನ ಕೊಕುರಾದ ಆ ಗೇಮ್ ಸೆಂಟರ್‌ನಲ್ಲಿ ಸೋಲಿಸಿ ನಕ್ಕರೂ ಸಹಿಸಿಕೊಳ್ಳುತ್ತಾರೆ. ಕನಿಕರ ತೋರಿಸಿ ಸೋತರೆ ಮಾತ್ರ ಯಾರೂ ಕ್ಷಮಿಸುವುದಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಹಾಳಾಗಿ ಹೋಗಲಿ ಎಂದು ಅವಳು ಸುಮ್ಮನಾಗುತ್ತಿದ್ದಳೇನೋ. ಆದರೆ ಇವನು ಟೋಫು.

ಸೋಯಾ ಪನೀರಿನ ಹೆಸರೆಂದು ನಗಬೇಡಿ. ಅಲ್ಲಿ ಎಲ್ಲರದೂ ಅಂಥದೇ ಹೆಸರು. ನಿಜವಾದ ಹೆಸರನ್ನು ಯಾರೂ ಹೇಳುವುದಿಲ್ಲ, ಕೇಳುವುದೂ ಮರ್ಯಾದೆಯಲ್ಲ. ಎರಡು ಆಟದ ಯಂತ್ರಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ. ಆ ಬದಿಗೆ ಅವನು, ಈ ಬದಿಗೆ ಇವಳು. ವರ್ಷಗಟ್ಟಲೆ ಆಡಿದ್ದರೂ, ಬಾಗಿಲಲ್ಲಿ ಎದುರಾದಾಗ ತಲೆ ಬಾಗಿಸುವುದು ಬಿಟ್ಟರೆ ಅವರ ನಡುವೆ ಒಂದು ಮಾತಿಲ್ಲ.

ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ದಿನವಿಡೀ ಯಾರ್ಯಾರದೋ ಕೋಟು ಎತ್ತಿಕೊಟ್ಟು, ಕೋಣೆಗೆ ಹೋಗಿ ಒಬ್ಬಳೇ ಉಣ್ಣುವ ಚಿಗುಸಾಳಿಗೆ ಆ ಆಟವೇ ಮಾತುಕತೆ. ಮೂಲೆಗೆ ಸಿಕ್ಕರೆ ಅವನು ಗಾಬರಿಯಾಗಿ ಹಿಂದಕ್ಕೆ ಹಾರುತ್ತಾನೆಂದು ಅವಳಿಗೆ ಗೊತ್ತು. ಬೇಸರವಾದ ದಿನ ಅವಳು ಸುಮ್ಮಸುಮ್ಮನೆ ಮುನ್ನುಗ್ಗುತ್ತಾಳೆಂದು ಅವನಿಗೂ ಗೊತ್ತು. ಅವಳನ್ನು ಅಷ್ಟು ಬಲ್ಲವರು ಲೋಕದಲ್ಲಿ ಇನ್ಯಾರೂ ಇರಲಿಲ್ಲ.

ನಾಳೆಯಿಂದ ಆ ಗೇಮ್ ಸೆಂಟರೇ ಇರುವುದಿಲ್ಲ. ಇದೇ ಕೊನೆಯ ಟೂರ್ನಮೆಂಟ್. ಅವಳಿಗೆ ಗೆಲುವು ಬೇಕಿರಲಿಲ್ಲ. ಒಮ್ಮೆ ಅವನು ಜೀವ ಪಣಕ್ಕಿಟ್ಟು ತನ್ನೊಡನೆ ಆಡಬೇಕು, ತಾನು ಅವನಿಗೆ ಸರಿಸಾಟಿಯೆಂದು ತಿಳಿಯಬೇಕು... ಅಷ್ಟೇ ಆಸೆ.

ಇಷ್ಟು ದಿನವೂ ಹೀಗೇನಾ? ಪಾಪ, ಒಂಟಿ ಹುಡುಗಿ ಅಂತಲಾ?

ಆ ಬದಿಗೆ ಹೋಗಿ ಇಣುಕಬಾರದೆಂಬ ಕಟ್ಟಳೆಯನ್ನು ಅವಳು ಅಂದು ಮುರಿದಳು. ಟೋಫು ಇನ್ನೂ ಕೂತೇ ಇದ್ದ, ಎರಡೂ ಕೈ ತೊಡೆಯ ಮೇಲೆ.

"ಯಾಕ್ರೀ ನಿಲ್ಲಿಸಿದ್ರಿ? ನಾನೇನು ನಿಮ್ಮ ಹತ್ರ ಭಿಕ್ಷೆ ಕೇಳಿದ್ನಾ?"

ಅವನು ತಲೆ ತಗ್ಗಿಸಿ ತಪ್ಪಾಯಿತೆಂದ. ಅವಳು ಕದಲಲಿಲ್ಲ.

"ಬಿಟ್ಟುಕೊಡ್ಲಿಲ್ಲ, ಕಾಡುಬೆಕ್ಕು ಅವರೇ. ಆ ಬಟನ್ ಒತ್ತೋಕೆ ಬೆರಳೇ ಬರ್ಲಿಲ್ಲ. ಒತ್ತಿದ್ರೆ ಮುಗಿದುಹೋಗ್ತಿತ್ತು... ಆಮೇಲೆ ನಿಮ್ಮನ್ನ ಎಲ್ಲಿ ಅಂತ ಹುಡುಕ್ಲಿ? ನಂಗೆ ನಿಮ್ಮ ಹೆಸರೂ ಗೊತ್ತಿಲ್ಲ."

ದಡ್ಡ, ಇದನ್ನು ಬಾಯಿಬಿಟ್ಟು ಹೇಳಬಾರದಿತ್ತಾ ಎಂದು ಮನಸ್ಸಿನಲ್ಲೇ ಬೈದಳು. ತಾನೂ ಹೇಳಿರಲಿಲ್ಲವೆಂದು ಆಮೇಲೆ ಹೊಳೆಯಿತು.

ಇನ್ನೊಂದು ಆಟ ಆಡಬೇಕು, ಈ ಸಲ ಕೈ ತಡೆದರೆ ಜನ್ಮದಲ್ಲಿ ಮಾತಾಡಿಸುವುದಿಲ್ಲ ಎಂದು ಹೇಳಿ ತನ್ನ ಜಾಗಕ್ಕೆ ಹೋದಳು. ವೈರು ಸುತ್ತುತ್ತಿದ್ದ ತ್ಸುರುಮಾಕಿ ಕಂಡೂ ಕಾಣದಂತೆ ಆ ಎರಡು ಯಂತ್ರಗಳನ್ನು ಆರಿಸದೆ ಬಿಟ್ಟರು.

ಈ ಸಲ ಅವನು ಕೈ ತಡೆಯಲಿಲ್ಲ. ಒಂದು ಸುತ್ತೂ ಬಿಡದೆ ಅವಳನ್ನು ಸದೆಬಡಿದ. ಅಷ್ಟು ಹೀನಾಯವಾಗಿ ಅವಳು ಹಿಂದೆಂದೂ ಸೋತಿರಲಿಲ್ಲ. ಪರದೆ ಮಂಜಾಯಿತು, ಕೆನ್ನೆ ಒದ್ದೆಯಾಯಿತು. ಆದರೂ ಎದೆ ಹಗುರಾಗಿತ್ತು.

ಅವನು ಯಂತ್ರ ಸುತ್ತಿ ಅವಳ ಬದಿಗೆ ಬಂದು ನಿಂತ.

"ನಾನು ಇಸಾಓ," ಎಂದ. "ನಾಳೆ... ಎಲ್ಲಿಗೆ ಬರ್ಲಿ?"

"ಚಿಗುಸಾ," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಪಕ್ಕದ ನೂಡಲ್ಸ್ ಅಂಗಡಿಗೆ ಊಟಕ್ಕೆ ಬನ್ನಿ. ಎದುರಿಗೇ ಕೂತ್ಕೋಬೇಕು. ಮಧ್ಯೆ ಏನೂ ಇರ್ಬಾರ್ದು."

"ನೂಡಲ್ಸ್ ಬಟ್ಟಲೂ ಇರ್ಬಾರ್ದಾ?"

"ಬಟ್ಟಲು ಇರ್ಲಿ ಬಿಡಿ."