ತೆರೆದ ಗುಂಡಿಯ ಸುತ್ತ ಜಾಲಿಮುಳ್ಳು

"ಮಾವಾ, ಇಳೀಬ್ಯಾಡ್ರಿ... ನಿಮ್ಮ ಕಾಲಿಗೆ ಬೀಳ್ತೀನಿ, ಮ್ಯಾಲೆ ಬರ್ರಿ!"

ಓಡಿ ಬಂದ ಗಿರೀಶ ಜುಂಜಯ್ಯನ ನಡು ತಬ್ಬಿ ಹಿಂದಕ್ಕೆ ಎಳೆದ. ಇಬ್ಬರೂ ಮಣ್ಣಿನಲ್ಲಿ ಉರುಳಿದರು. ಏಣಿಯ ಮೇಲಿಟ್ಟಿದ್ದ ಮುದುಕನ ಕಾಲಿನಿಂದ ಚಪ್ಪಲಿ ಜಾರಿ ಗುಂಡಿಗೆ ಬಿತ್ತು.

ಗಂಗಾಗೆ ಮೈಯೆಲ್ಲ ಉರಿಯಿತು. "ನಮ್ಮಪ್ಪನ ಮ್ಯಾಲೆ ಕೈ ಮಾಡ್ತೀಯ? ದೇವರಿಗೆ ಬಿಟ್ಟ ಕುರಿಮರಿ ಒಳಗೆ ಬಿದ್ದೈತೆ. ನೀನು ಮುಚ್ಚಳ ತೆಗೆದಿಟ್ಟು ಹೋಗಿದ್ದಕ್ಕೇ ಬಿದ್ದಿದ್ದು."

ಬಾಗೂರಿನ ಆಚೆಗಿನ ಆ ಹಳ್ಳಿಯಲ್ಲಿ ಎಲ್ಲರ ಮನೆಯ ಬಚ್ಚಲು ನೀರೂ ಚರಂಡಿ ಹಿಡಿದು ಊರ ಕೆಳಗಿನ ಈ ಗುಂಡಿಗೇ ಬರುತ್ತದೆ. ಕೆಸರು ಇಲ್ಲಿ ತಳ ಹಿಡಿದು, ಮೇಲಿನ ನೀರು ಜೊಂಡು ನೆಟ್ಟ ಮಡಿಗಳಲ್ಲಿ ಸೋಸಿ ತೆಂಗಿನ ತೋಟಕ್ಕೆ ಹರಿಯುತ್ತದೆ. ಅದನ್ನೆಲ್ಲ ನೋಡಿಕೊಳ್ಳುವವನು ಗಿರೀಶ. ಹೋದ ತಿಂಗಳು ಅವನ ಕಡೆಯವರು ಹೆಣ್ಣು ಕೇಳಲು ಬಂದಾಗ ಗಂಗಾ, "ಬಚ್ಚಲು ನೀರು ಕಾಯೋನು ನಂಗೆ ಬ್ಯಾಡ" ಅಂದುಬಿಟ್ಟಿದ್ದಳು. ಬಾಗಿಲಲ್ಲೇ ನಿಂತಿದ್ದ ಅವನಿಗೆ ಅದು ಕೇಳಿಸಿತ್ತು.

"ಸುತ್ತ ಜಾಲಿಮುಳ್ಳು ಹಾಕಿದ್ನಲ್ಲ..." ಗಿರೀಶ ಏದುಸಿರು ಬಿಡುತ್ತಾ ಅತ್ತಿತ್ತ ನೋಡಿದ. "ಕೆಸರು ತೆಗೆಯೋಕೆ ಮುಂಚೆ ಮುಚ್ಚಳ ತೆಗೆದು ವಿಷಗಾಳಿ ಹೋಗಾಕೆ ಬಿಡ್ಬೇಕು. ಯಾರೂ ಹತ್ರ ಬರಬಾರ್ದು ಅಂತ ಮುಳ್ಳು ಒಟ್ಟಿದ್ದೆ. ಎಲ್ಲಿ ಹೋಯ್ತು ಅದು?"

ಗಂಗಾ ಒಂದು ಹೆಜ್ಜೆ ಹಿಂದೆ ಸರಿದಳು.

ತೆಗೆದವಳು ಅವಳೇ! ಬೆಳಗ್ಗೆ ಕುರಿ ಹೊಡೆದುಕೊಂಡು ಬಂದಾಗ, 'ಒಲ್ಲೆ ಅಂದಿದ್ದಕ್ಕೆ ನನ್ನ ಕುರಿ ದಾರಿಗೇ ಮುಳ್ಳು ಹಾಕ್ಯಾನೆ' ಅಂತ ಸಿಟ್ಟಿನಲ್ಲಿ ಅಷ್ಟನ್ನೂ ಎಳೆದೊಯ್ದು ತಮ್ಮ ಕುರಿ ರೊಪ್ಪದ ಬೇಲಿಗೆ ಸಿಕ್ಕಿಸಿದ್ದಳು.

"ಬಿಡಲೇ, ದೇವರ ಮರಿ ಸಾಯ್ತದೆ," ಜುಂಜಯ್ಯ ಕೊಸರಾಡಿದ.

"ಮಾವ, ಅದು ಕೂಗ್ತಾ ಐತಾ, ಒಂದ್ಸಲ ಕೇಳ್ರಿ."

ಮೂವರೂ ಕಿವಿಗೊಟ್ಟರು. ಸದ್ದೇ ಇಲ್ಲ... ಮರಿ ಬಿದ್ದು ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಿರಲಿಲ್ಲ.

ಗಿರೀಶ ತೋಟದಿಂದ ಕಾಯಿ ಕೀಳುವ ದೋಟಿ ತಂದ. ಅಂಚಿನಿಂದ ಹಿಂದೆ ಬೋರಲು ಮಲಗಿ, ಮುಖ ಆಚೆ ತಿರುಗಿಸಿಕೊಂಡು ಒಳಗೆ ಆಡಿಸಿದ. ಕೊಕ್ಕೆಗೆ ಏನೋ ಸಿಕ್ಕಿತು. ಎತ್ತಲು ಒಂದಿಷ್ಟು ಮುಂದಕ್ಕೆ ಬಗ್ಗಿದ. ಕೊಳೆತ ಮೊಟ್ಟೆಯಂಥ ವಾಸನೆ ಗಪ್ಪನೆ ಬಂತು.

ಅವನ ತಲೆ ಮೆಲ್ಲಗೆ ಗುಂಡಿಯ ಕಡೆಗೆ ವಾಲಿತು.

'ಅಯ್ಯೋ... ನನ್ನಿಂದ... ನನ್ನಿಂದಲೇ...'

ಗಂಗಾ ಅವನ ಎರಡೂ ಕಾಲು ಹಿಡಿದು ಜಗ್ಗಿದಳು. ಅಪ್ಪನೂ ಕೈಹಾಕಿದ. ಗಾಳಿ ತಾಕಿದ ಮೇಲೆ ಗಿರೀಶ ಕೆಮ್ಮುತ್ತಾ ಕಣ್ಣು ಬಿಟ್ಟ. ದೋಟಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಮೇಲೆ ಬಂದ ಮರಿಯಲ್ಲಿ ಉಸಿರಿರಲಿಲ್ಲ. ಜುಂಜಯ್ಯ ಅದನ್ನು ಟವೆಲಿನಲ್ಲಿ ಸುತ್ತಿದ. ಚಪ್ಪಲಿಯಿಲ್ಲದ ತನ್ನ ಕಾಲನ್ನೇ ನೋಡುತ್ತಾ, "ನಾನೂ ಹಿಂಗೇ..." ಅಂದವನು ಅಲ್ಲೇ ಕುಕ್ಕರಿಸಿಬಿಟ್ಟ.

ಸಂಜೆ ಗಂಗಾ ಆ ಮುಳ್ಳನ್ನೆಲ್ಲ ತಲೆ ಮೇಲೆ ಹೊತ್ತು ತಂದಳು. ಗಿರೀಶ ಗುಂಡಿಯಿಂದ ದೂರ ಕೂತು ಕಾವಲಿದ್ದ.

"ಮುಳ್ಳು ತೆಗೆದಿದ್ದು ನಾನೇ," ಅಂದಳು.

"ಗೊತ್ತು. ಎಳೆದ ಗೀರು ನಿಮ್ಮ ರೊಪ್ಪದ ತನಕ ಐತೆ."

"ಮತ್ತ್ಯಾಕೆ ಅಪ್ಪನ ಮುಂದೆ ಅನ್ನಲಿಲ್ಲ?"

"ನಿನ್ನ ಮುಖ ನೋಡಿದೆ. ಇನ್ನೇನು ಬೈಯಲಿ?"

ಅವಳು ಬಿಕ್ಕಿದಳು. "ನಿನ್ನ ತಲೆ ವಾಲಿದಾಗ ನನ್ನ ಜೀವವೇ ಹೋದಂಗಾಯ್ತು."

ಅವನು ಅವಳ ಕೈ ಹಿಡಿದುಕೊಂಡ. "ಬಚ್ಚಲು ನೀರು ಕಾಯೋನು ಬ್ಯಾಡ ಅಂದಿದ್ಯಲ್ಲ?"

"ಅಂದಿದ್ದೆ. ಈಗ ಒಂದು ಮಾತು ಕೊಡು. ಒಬ್ಬನೇ ಇದರ ಹತ್ರ ಬರಬ್ಯಾಡ. ನನ್ನ ಕರಿ."

"ಪ್ರತಿ ಸಲಾನೂ?"

"ಹೂಂ... ಪ್ರತಿ ಸಲಾನೂ. ನಿನ್ನ ಕಾಲು ಗಟ್ಟಿಯಾಗಿ ಹಿಡ್ಕಳಾಕೆ ಒಬ್ರು ಬೇಕಲ್ಲ."