ರಾಜನ ಹಸಿವು ಮರಳಿ ತಂದ ಮೂರು ಬಿಂಬಗಳು

ಬಹಳ ಕಾಲದ ಹಿಂದೆ, ಏಳು ಹೊಳೆಗಳ ಆಚೆ, ಹೊಳಲಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದವರ ಬಳಿ ಬಿಂಬಪೆಟ್ಟಿಗೆ ಎಂಬ ಸೋಜಿಗದ ವಸ್ತುವಿತ್ತು. ಅದು ಮರದ ಪೆಟ್ಟಿಗೆ. ಮುಂದೊಂದು ಗಾಜಿನ ಕಣ್ಣು, ಒಳಗೆ ಮೂಲಿಕೆಯ ರಸ ಬಳಿದ ಹಲಗೆ. ಯಾವುದಾದರೂ ವಸ್ತುವಿನ ಮುಂದಿಟ್ಟು, ಕಣ್ಣು ತೆರೆದು ಇಪ್ಪತ್ತು ಎಣಿಸಿದರೆ, ಆ ವಸ್ತುವಿನ ರೂಪ ಬಣ್ಣದ ಸಮೇತ ಹಲಗೆಯ ಮೇಲೆ ಬಂದು ನಿಲ್ಲುತ್ತಿತ್ತು.

ಅರಮನೆಯ ಬಿಂಬಗಾರನ ಹೆಸರು ಕರಿಬೀರ. ರಾಜರಾಣಿಯರು, ಪಟ್ಟದಾನೆ, ದಂಡನಾಯಕರು, ಎಲ್ಲರ ಬಿಂಬ ಹಿಡಿಯುವವನು ಅವನೇ. ಅದಕ್ಕೆಂದು ಅರಮನೆ ಅವನಿಗೆ ನೂರು ರತ್ನದೀಪಗಳನ್ನು ಕೊಟ್ಟಿತ್ತು. ಅವನ ತಂಗಿ ಮಲ್ಲಾಜಿಯ ಬಳಿಯೂ ಒಂದು ಹಳೆಯ ಪೆಟ್ಟಿಗೆಯಿತ್ತು. ಕುಂಬಾರರ ಬೀದಿಯಲ್ಲಿ ಎಂಟು ಮೊಳದ ಕೋಣೆಯೊಂದರಲ್ಲಿ ಕೂತು ಅವಳು ಬದನೆಕಾಯಿ, ಬೆಳ್ಳುಳ್ಳಿ ಗಡ್ಡೆ, ಬಾಯೊಡೆದ ಕುಡಿಕೆ ಇಂಥವುಗಳ ಬಿಂಬ ಹಿಡಿಯುತ್ತಿದ್ದಳು.

"ಅಲ್ಲ ತಂಗಿ, ಬದನೆಕಾಯಿಗೂ ಬಿಂಬ ಬೇಕೆ?" ಎಂದು ಅಣ್ಣ ಕೇಳಿದರೆ, "ಅದು ಅಲ್ಲಾಡದೆ ಕೂರುತ್ತದಣ್ಣ. ಎಷ್ಟು ಹೊತ್ತು ಬೇಕಾದರೂ ನೋಡಬಹುದು" ಎನ್ನುತ್ತಿದ್ದಳು.

ಅವಳ ಸಲಕರಣೆಗಳನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು. ಬಿದಿರು ಕಡ್ಡಿಗೆ ಬಿಗಿದ ಹಳೆಯ ಪಂಚೆ, ಎಣ್ಣೆ ಸವರಿದ ಕಾಗದ, ಕಪ್ಪು ಕಂಬಳಿಯ ತುಂಡುಗಳು, ಸುಣ್ಣ ಬಳಿದ ಮೊರ, ಉಜ್ಜಿ ಬೆಳಗಿದ ಕಂಚಿನ ತಟ್ಟೆ, ವಸ್ತುಗಳನ್ನು ಓರೆಯಾಗಿ ನಿಲ್ಲಿಸಲು ಜೇಡಿಮಣ್ಣಿನ ಉಂಡೆ. ದೀಪವೆಂದರೆ ಎರಡು ಹಣತೆ. ಆದರೆ ಅವಳ ಹಲಗೆಯ ಮೇಲೆ ಬದನೆಕಾಯಿ ಈಗಷ್ಟೇ ಗಿಡದಿಂದ ಕಿತ್ತಂತೆ ಮಿನುಗುತ್ತಿತ್ತು. ಬೀದಿಯ ಹೆಂಗಸರು ಅದರ ತೊಟ್ಟಿನ ಮುಳ್ಳನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು.

ಹೀಗಿರುವಾಗ ಬೂದಿಗಣ್ಣ ಎಂಬ ಮಾಯಾವಿ ಆ ನಾಡಿಗೆ ಬಂದ. ರಾಜ ಸೋವರಸನ ಮುಂದೆ ನಿಂತು, "ನಿನ್ನ ನಾಡಿನ ಬೆಳಗಿನ ಬಿಸಿಲನ್ನು ನನಗೆ ಕೊಟ್ಟುಬಿಡು" ಎಂದ.

"ಬಿಸಿಲು ನನ್ನದಲ್ಲ. ನನ್ನದಲ್ಲದ್ದನ್ನು ಹೇಗೆ ಕೊಡಲಿ?" ಎಂದ ರಾಜ.

"ಹಾಗಾದರೆ ಇನ್ನು ಮುಂದೆ ನಿನ್ನ ಕಣ್ಣಿಗೆ ಎಲ್ಲವೂ ಬೂದಿಯಾಗಿ ಕಾಣಲಿ. ನನ್ನ ಬೆಟ್ಟದ ಗವಿಯಲ್ಲಿ ಮೂರು ವಸ್ತುಗಳಿವೆ. ಅವುಗಳ ನಿಜರೂಪವನ್ನು ಯಾರಾದರೂ ಬಿಂಬ ಹಿಡಿದು ನಿನಗೆ ತೋರಿಸಿದರೆ ನನ್ನ ಶಾಪ ಅಳಿಯುತ್ತದೆ, ನಾನೂ ಅಳಿಯುತ್ತೇನೆ. ಸೋತವರು ಬೂದಿಯ ಬೊಂಬೆಯಾಗಿ ಅಲ್ಲೇ ನಿಲ್ಲುತ್ತಾರೆ" ಎಂದು ಹೇಳಿ ಮಾಯವಾದ.

ರಾಜನ ಕಣ್ಣಿಗೆ ಅನ್ನ ಬೂದಿಯಾಯಿತು, ಹಾಲು ಬೂದಿಯಾಯಿತು, ನೀರೂ ಬೂದಿಯಾಯಿತು. ರಾಣಿ ಕಣ್ಣು ಮುಚ್ಚಿಸಿ ತುತ್ತಿಟ್ಟರೆ ಒಂದು ಒಳಗೆ ಹೋಗುತ್ತಿತ್ತು, ಎರಡು ಹೊರಗೆ ಬರುತ್ತಿದ್ದವು. ಕರಿಬೀರ ನೂರು ರತ್ನದೀಪಗಳನ್ನು ಗಾಡಿಯಲ್ಲಿ ಹೇರಿಕೊಂಡು ಬೆಟ್ಟಕ್ಕೆ ಹೋದ. ಹೋದವನು ಬರಲಿಲ್ಲ. ಅವನ ಹಿಂದೆ ಹೋದ ಆರು ಬಿಂಬಗಾರರೂ ಬರಲಿಲ್ಲ.

ಆಗ ಮಲ್ಲಾಜಿ ಅರಮನೆಗೆ ಹೋಗಿ, "ತಾಯಿ, ನಾನು ಹೋಗಿಬರುತ್ತೇನೆ" ಎಂದಳು.

ರಾಣಿ ಅವಳ ಬೆನ್ನ ಮೇಲಿನ ಮೂಟೆಯನ್ನು ನೋಡಿದಳು. "ಮಗಳೇ, ನಿನ್ನ ಅಣ್ಣ ನೂರು ದೀಪ ಒಯ್ದ. ನೀನು ಪಂಚೆ ಒಯ್ಯುತ್ತಿದ್ದೀಯಲ್ಲ?"

"ನೂರು ದೀಪ ಹೇಗೆ ಹಚ್ಚಬೇಕೋ ನನಗೆ ತಿಳಿಯದು ತಾಯಿ. ಇದು ತಿಳಿದಿದೆ."

ಗವಿಯ ಮೊದಲ ಕೋಣೆಯಲ್ಲಿ ಒಂದು ಬೆಳ್ಳಿಯ ಹೂಜಿಯಿತ್ತು. ಅದರ ಹೊಳಪಿನೊಳಗೆ ಒಂದು ಚಿರತೆ ವಾಸವಾಗಿತ್ತು. ಹೂಜಿಯಲ್ಲಿ ಯಾರ ಮುಖದ ನೆರಳು ಬಿದ್ದರೂ ಅದು ಹೊರಗೆ ಹಾರಿ ಬೀಳುತ್ತಿತ್ತು. ಮಲ್ಲಾಜಿ ಬಾಗಿಲಲ್ಲೇ ಕೂತು ಯೋಚಿಸಿದಳು. ಬೆಳ್ಳಿಗೆ ತನ್ನದೆಂಬ ಬಣ್ಣವಿಲ್ಲ, ಸುತ್ತ ಇರುವುದನ್ನೇ ಅದು ತೋರಿಸುತ್ತದೆ. ಹಾಗಾದರೆ ಸುತ್ತ ಏನೂ ಇಲ್ಲದಂತೆ ಮಾಡಬೇಕು. ಪಂಚೆ ಬಿಗಿದ ಬಿದಿರಿನ ಚೌಕಟ್ಟನ್ನು ಮುಂದೆ ಹಿಡಿದು, ಅದರ ಮರೆಯಲ್ಲಿ ತೆವಳುತ್ತ ಹೋಗಿ, ಹೂಜಿಯ ಸುತ್ತ ಬಿಳಿಯ ಗುಡಾರ ಕಟ್ಟಿದಳು. ಹಣತೆಗಳನ್ನು ಗುಡಾರದ ಹೊರಗೆ ಎರಡು ಬದಿಗೆ ಇಟ್ಟಳು. ಬೆಳಕು ಬಟ್ಟೆಯಲ್ಲಿ ಸೋಸಿ ಹಾಲಿನಂತೆ ಒಳಗಿಳಿಯಿತು.

ಒಂದು ಸಣ್ಣ ತೂತು ಮಾಡಿ ಪೆಟ್ಟಿಗೆಯ ಕಣ್ಣನ್ನು ಅಲ್ಲಿಟ್ಟು ನೋಡಿದರೆ, ಹೂಜಿ ಹಿಟ್ಟಿನ ಮುದ್ದೆಯಂತೆ ಚಪ್ಪಟೆಯಾಗಿತ್ತು. ಬಿಳಿಯೊಳಗೆ ಬಿಳಿ, ಎಲ್ಲಿ ಉಬ್ಬು, ಎಲ್ಲಿ ತಗ್ಗು ಒಂದೂ ತಿಳಿಯದು. ಚಿರತೆ ಉಗುರು ಚಾಚಿ ಒಳಗೊಳಗೇ ಸುತ್ತುತ್ತಿತ್ತು. ಮಲ್ಲಾಜಿ ಕಂಬಳಿಯ ಉದ್ದನೆಯ ತುಂಡೊಂದನ್ನು ಗುಡಾರದ ಒಳಬದಿಗೆ ಮೆಲ್ಲಗೆ ಇಳಿಬಿಟ್ಟಳು. ಹೂಜಿಯ ಮೈಮೇಲೆ ಒಂದು ಕಪ್ಪು ಗೆರೆ ಮೂಡಿತು. ಕೂಡಲೇ ಅದಕ್ಕೆ ಹೊಟ್ಟೆ ಬಂತು, ಕೊರಳು ಬಂತು, ಹೊಳಪು ಬಂತು. ಚಿರತೆ ಆ ಕಪ್ಪನ್ನು ಮರದ ನೆರಳೆಂದು ತಿಳಿದು ಅಲ್ಲೇ ಮಲಗಿ ನಿದ್ದೆ ಹೋಯಿತು. ಮಲ್ಲಾಜಿ ಇಪ್ಪತ್ತು ಎಣಿಸಿದಳು. ಗುಡಾರ ಬಿಚ್ಚಿದರೆ ಚಿರತೆ ಏಳುತ್ತದೆಂದು ಪಂಚೆಯನ್ನು ಅಲ್ಲೇ ಬಿಟ್ಟು, ಹಣತೆಗಳನ್ನಷ್ಟೇ ಎತ್ತಿಕೊಂಡು ಮುಂದೆ ನಡೆದಳು.

ಎರಡನೆಯ ಕೋಣೆಯಲ್ಲಿ ಏನೂ ಕಾಣಲಿಲ್ಲ. ನಡುವೆ ಒಂದು ಕಲ್ಲಿನ ಪೀಠ, ಅಷ್ಟೇ. ಆದರೆ ನೀರು ತುಳುಕುವ ಸದ್ದು ಕೇಳುತ್ತಿತ್ತು, ಯಾರೋ ಉಸಿರಾಡುವ ಸದ್ದೂ ಕೇಳುತ್ತಿತ್ತು. ಪೀಠದ ಮೇಲೆ ಕಣ್ಣಿಗೆ ಕಾಣದ ಗಾಜಿನ ಬೋಗುಣಿಯಿತ್ತು. ಅದರ ಸುತ್ತ ಒಂದು ಗಾಜಿನ ಹಾವು ಸುತ್ತಿಕೊಂಡಿತ್ತು. ತಡಕಲು ಬಂದವರ ಕೈಯನ್ನು ಅದು ಕಚ್ಚುತ್ತಿತ್ತು.

ಮಲ್ಲಾಜಿ ತಡಕಲಿಲ್ಲ. ಎಣ್ಣೆ ಕಾಗದವನ್ನು ಪೀಠದ ಹಿಂದೆ ಇಳಿಬಿಟ್ಟು, ಕಾಗದದ ಹಿಂದೆ ಎರಡು ಹಣತೆಗಳನ್ನೂ ಇಟ್ಟಳು. ಉಳಿದ ಎರಡು ಕಂಬಳಿ ತುಂಡುಗಳನ್ನು ಪೀಠದ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿದಳು. ಬೆಳಗುವ ಕಾಗದದ ಮುಂದೆ, ಮಸಿಯಲ್ಲಿ ಬರೆದಂತೆ, ಬೋಗುಣಿಯ ಅಂಚು ಮೂಡಿತು. ಅದರೊಂದಿಗೆ ಹಾವಿನ ಅಂಚೂ ಮೂಡಿತು. ಬಾಲದಿಂದ ಹೆಡೆಯವರೆಗೆ ಒಂದೊಂದು ಹುರುಪೆಯೂ ಎದ್ದು ಕಂಡಿತು.

ಹಾವು ಬೋಗುಣಿಯ ನೀರಿನಲ್ಲಿ ತನ್ನನ್ನೇ ನೋಡಿಕೊಂಡಿತು. ಆಮೇಲೆ ಕೇಳಿತು: "ಇದು ನಾನೇನವ್ವ?"

"ನೀನೇ. ಚೆನ್ನಾಗಿದ್ದೀಯಪ್ಪ."

"ಮುನ್ನೂರು ವರ್ಷದಿಂದ ನನ್ನನ್ನು ಯಾರೂ ಕಂಡಿರಲಿಲ್ಲ" ಎಂದಿತು ಹಾವು. ಬಿಂಬ ಹಿಡಿಯುವವರೆಗೂ ಅದು ಅಲುಗಲಿಲ್ಲ. ಕಾಗದವನ್ನೂ ಕಂಬಳಿಯನ್ನೂ ತನಗೇ ಬಿಟ್ಟುಹೋಗೆಂದು ಕೇಳಿಕೊಂಡಿತು. ಮಲ್ಲಾಜಿ ಅವನ್ನು ಬಿಟ್ಟು, ಹಣತೆಗಳನ್ನು ಎತ್ತಿಕೊಂಡು ಹೋದಳು.

ಮೂರನೆಯ ಕೋಣೆಯಲ್ಲಿ ಬೂದಿಗಣ್ಣನೇ ಒಲೆಯ ಮುಂದೆ ಕೂತಿದ್ದ. ಗೋಡೆಯುದ್ದಕ್ಕೂ ಏಳು ಬೂದಿಬೊಂಬೆಗಳು ನಿಂತಿದ್ದವು. ಮೊದಲನೆಯದರ ಮುಖ ಕರಿಬೀರನದು. ಮಲ್ಲಾಜಿ ಅದರ ತೋಳನ್ನೊಮ್ಮೆ ಮುಟ್ಟಿ, ಬೆನ್ನ ಮೇಲಿನ ಮೂಟೆಯನ್ನು ಕೆಳಗಿಳಿಸಿದಳು. ಮಾಯಾವಿ ಹೆಂಚಿನಿಂದ ಒಂದು ಜೋಳದ ರೊಟ್ಟಿ ತೆಗೆದು ಕಟ್ಟಿಗೆಯ ಮಣೆಯ ಮೇಲಿಟ್ಟ.

"ಮೂರನೆಯದು ಇಷ್ಟೇ. ಇದರ ಆವಿ ಆರುವುದರೊಳಗೆ ಹಿಡಿ" ಎಂದವನೇ ಉಫ್ ಎಂದು ಊದಿದ. ಹಣತೆಗಳು ನಂದಿದವು. ಸುಣ್ಣದ ಮೊರವನ್ನು ಮುಟ್ಟಿದ, ಅದು ಬೂದಿಯಾಗಿ ಉದುರಿತು. "ಬೇಕಾದರೆ ನಿನ್ನ ಅಣ್ಣನ ನೂರು ದೀಪಗಳಿವೆ, ಹಚ್ಚಿಕೊಡಲೇ?"

"ಬೇಡಯ್ಯ. ನೂರು ಕಡೆಯಿಂದ ಬೆಳಕು ಬಿದ್ದರೆ ರೊಟ್ಟಿಗೆ ನೆರಳೇ ಇರುವುದಿಲ್ಲ. ನೆರಳಿಲ್ಲದ ರೊಟ್ಟಿ ಬೂದಿಯ ಬಿಲ್ಲೆಯಂತೆಯೇ ಕಾಣುತ್ತದೆ" ಎಂದಳು ಮಲ್ಲಾಜಿ. ಅಣ್ಣ ಸೋತದ್ದು ಹೇಗೆಂದು ಅವಳಿಗೆ ಆಗ ತಿಳಿಯಿತು.

ಚಾವಣಿಯ ಬಿರುಕಿನಿಂದ ಬಿಸಿಲಿನ ಒಂದು ಕೋಲು ಮೂಲೆಗೆ ಬೀಳುತ್ತಿತ್ತು. ಅವಳು ಜೇಡಿಮಣ್ಣಿನ ಉಂಡೆಗೆ ಕಂಚಿನ ತಟ್ಟೆಯನ್ನು ಓರೆಯಾಗಿ ಆನಿಸಿ ಆ ಬಿಸಿಲನ್ನು ಹಿಡಿದಳು. ತಟ್ಟೆಯಿಂದ ಚಿಮ್ಮಿದ ಬೆಳಕು ರೊಟ್ಟಿಯ ಹಿಂಬದಿಯಿಂದ, ನೆಲಮಟ್ಟದಲ್ಲಿ ಹಾದುಬಂತು. ರೊಟ್ಟಿಯ ಮೇಲಿನ ಒಂದೊಂದು ಗುಳ್ಳೆಯೂ ಎದ್ದಿತು, ಆವಿ ಬಂಗಾರದ ನೂಲಿನಂತೆ ಮೇಲೇರಿತು. ಆದರೆ ಈಚೆಯ ಬದಿ ಕಾಡಿಗೆಯಷ್ಟು ಕಪ್ಪು. ಅಲ್ಲಿಗೆ ಒಂದಿಷ್ಟು ಬೆಳಕನ್ನು ಮರಳಿಸಲು ಬಿಳಿಯದೇನಾದರೂ ಬೇಕು. ಮೊರವಿಲ್ಲ, ಪಂಚೆಯಿಲ್ಲ. ಆವಿ ತೆಳುವಾಗುತ್ತ ಬಂತು.

ಮಲ್ಲಾಜಿ ಸುತ್ತ ನೋಡಿದಳು. ಗವಿಯಲ್ಲಿ ಬೆಳ್ಳಗಿದ್ದದ್ದು ಬೂದಿಬೊಂಬೆಗಳು ಮಾತ್ರ, ಅದರಲ್ಲೂ ಹತ್ತಿರವಿದ್ದದ್ದು ಅಣ್ಣನ ಮೈ.

"ಅಣ್ಣ, ಒಂದಿಷ್ಟು ಬೆಳಕು ಕೊಡು" ಎಂದು ಮಣೆಯನ್ನು ಅವನ ಕಾಲ ಬಳಿಗೆ ಎಳೆದು, ತಟ್ಟೆಯನ್ನು ತಿರುಗಿಸಿದಳು. ಬೆಳಕು ರೊಟ್ಟಿಯನ್ನು ದಾಟಿ ಕರಿಬೀರನ ಬಿಳಿಯ ಮೈಗೆ ತಾಗಿತು, ಅಲ್ಲಿಂದ ಮೆತ್ತಗೆ ಮರಳಿ ನೆರಳಿನ ಮೇಲೆ ಬಿತ್ತು. ಕಪ್ಪು ಕರಗಿ ಕಂದಾಯಿತು, ಸುಟ್ಟ ಕಲೆಗಳು ಕಂಡವು.

ಅವಳು ಎಣಿಸತೊಡಗಿದಳು. ಬೂದಿಗಣ್ಣ ಕಿವಿಯ ಬಳಿ ಬಂದು, "ಹನ್ನೊಂದು, ಒಂಬತ್ತು, ಹದಿನಾರು" ಎಂದು ಲೆಕ್ಕ ತಪ್ಪಿಸಲು ನೋಡಿದ. ಮಲ್ಲಾಜಿ ಅಂಕಿ ಬಿಟ್ಟು, ಬೆರಳು ಮಡಿಸುತ್ತ ಉಸಿರು ಎಣಿಸಿದಳು. ಕೊನೆಯ ಎಳೆ ಆವಿ ಆರುವ ಮೊದಲು ಪೆಟ್ಟಿಗೆಯ ಕಣ್ಣು ಮುಚ್ಚಿದಳು. ಗೆದ್ದವರನ್ನು ತಡೆಯುವ ಶಕ್ತಿ ಮಾಯಾವಿಗೆ ಇರಲಿಲ್ಲ. ಅವನು ಗೋಡೆಗೆ ಒರಗಿ ನಿಂತ, ಅವಳು ಹೊರಟುಬಂದಳು.

ಅರಮನೆಯಲ್ಲಿ ರಾಜ ಸೋವರಸ ಎದ್ದು ಕೂರಲಾರದೆ ಮಲಗಿದ್ದ. ಮಲ್ಲಾಜಿ ಮೊದಲ ಹಲಗೆಯನ್ನು ಅವನ ಕಣ್ಣ ಮುಂದೆ ಹಿಡಿದಳು. "ಬೆಳ್ಳಿ" ಎಂದ ರಾಜ. ಎರಡನೆಯದು ಹಿಡಿದಳು. ಬೋಗುಣಿಯನ್ನು ನೋಡಿ ತುಟಿ ಸವರಿಕೊಂಡು, "ನೀರು ಕೊಡಿ" ಎಂದ. ಕುಡಿದ. ಮೂರನೆಯದು ಹಿಡಿದಾಗ ಅವನ ಕಣ್ಣಲ್ಲಿ ನೀರು ಬಂತು.

"ರೊಟ್ಟಿ ಇದೆಯೇ?" ಎಂದು ರಾಣಿಯನ್ನು ಕೇಳಿದ.

ರಾಣಿ ತಾನೇ ಒಲೆಯ ಬಳಿಗೆ ಓಡಿದಳು. ರಾಜ ಮೊದಲ ತುಣುಕು ಮುರಿದು ಬಾಯಿಗಿಟ್ಟ ಗಳಿಗೆಯಲ್ಲೇ, ಅತ್ತ ಗವಿಯಲ್ಲಿ ಬೂದಿಗಣ್ಣ ಹಿಡಿ ಬೂದಿಯಾಗಿ ಕುಸಿದ. ಗಾಳಿ ಬಂದು ಅದನ್ನೂ ಹೊತ್ತೊಯ್ದಿತು. ಚಿರತೆ ಕಾಡಿಗೆ ಹೋಯಿತು, ಹಾವು ಹೊಳೆಗೆ ಹೋಯಿತು. ಏಳು ಬಿಂಬಗಾರರು ಮೈ ಕೊಡವಿಕೊಂಡು ಬೆಟ್ಟವಿಳಿದು ಬಂದರು.

ಕರಿಬೀರ ನೇರವಾಗಿ ತಂಗಿಯ ಬಳಿಗೆ ಬಂದ. "ಬೂದಿಯಾಗಿದ್ದರೂ ನನಗೆಲ್ಲ ಕಾಣುತ್ತಿತ್ತು ತಂಗವ್ವ. ನಾನು ನಾಳೆಯಿಂದ ನಿನ್ನ ಕೋಣೆಗೆ ಬರಲೇ, ಕಲಿಯಲು?" ಎಂದ. "ಬಾ ಅಣ್ಣ. ಬರುವಾಗ ನಿನ್ನದೊಂದು ಹಳೆಯ ಪಂಚೆ ತಾ" ಎಂದಳು ಮಲ್ಲಾಜಿ.

ರಾಣಿ ನೂರು ರತ್ನದೀಪಗಳನ್ನು ಅವಳಿಗೇ ಕೊಡಲು ಬಂದಾಗ ಅವಳು ಕೈಮುಗಿದು ಬೇಡವೆಂದಳು. ಬದಲಿಗೆ, ಕಲಿಯಬೇಕೆನ್ನುವವರಿಗೆ ಬೀದಿಗೊಂದು ಕೋಣೆ ಕೇಳಿದಳು. ರಾಣಿ ಕಟ್ಟಿಸಿಕೊಟ್ಟಳು. ಅಲ್ಲಿ ನೇಕಾರರು, ಅಗಸರು, ಬಳೆಗಾರರು ತಮ್ಮತಮ್ಮ ಮನೆಯ ಸಾಮಾನಿನಿಂದಲೇ ಬೆಳಕು ಕಟ್ಟುವುದನ್ನು ಕಲಿತರು.

ರಾಜ ಸೋವರಸ ಮಾತ್ರ ಅಂದಿನಿಂದ ಊಟಕ್ಕೆ ಕೂತಾಗ ಕೂಡಲೇ ಕೈ ಹಾಕುತ್ತಿರಲಿಲ್ಲ. ಅನ್ನದ ಬಿಳುಪು, ತೊವ್ವೆಯ ಹಳದಿ, ಉಪ್ಪಿನಕಾಯಿಯ ಅಂಚಿನ ಎಣ್ಣೆಯ ಮಿನುಗು, ಎಲ್ಲವನ್ನೂ ಒಂದು ಗಳಿಗೆ ಸುಮ್ಮನೆ ನೋಡುತ್ತಿದ್ದ. ಆಮೇಲೆ ಉಣ್ಣುತ್ತಿದ್ದ. ಅವನನ್ನು ನೋಡಿ ನಾಡಿಗೆ ನಾಡೇ ಹಾಗೆ ಮಾಡತೊಡಗಿತು. ಹೊಳಲಗಿರಿಯ ಜನ ಕಣ್ತುಂಬ ನೋಡಿದರು, ಹೊಟ್ಟೆ ತುಂಬ ಉಂಡರು, ತಣ್ಣಗೆ ಬಾಳಿದರು.