ಮಡಕೆಗೆ ಕೊಟ್ಟ ಮಾತು

"ಅದಕ್ಕೆ ಮಾತ್ರ ಮಾತು ಕೊಡಬೇಡಿ ಪಾದ್ರಿಗಳೇ!" ಎಂದು ಬೇಲಿಯ ಆಚೆಯಿಂದ ಕೂಗಿದಳು ರೇಡಿಯೋ ಅಜ್ಜಿ.

ಪಾದ್ರಿ ಗುದ್ದಲಿ ಊರಿ ನಿಂತ. ಗುಲಾಬಿ ನೆಡಲೆಂದು ಹಿತ್ತಲಲ್ಲಿ ಅಗೆಯುತ್ತಿದ್ದವನಿಗೆ ಗುಂಡಿಯ ತಳದಲ್ಲಿ ಮಡಕೆಯೊಂದು ಸಿಕ್ಕಿತ್ತು. ಮೊಣಕಾಲೆತ್ತರದ್ದು, ಕರ್ರಗಿನದು. ಅದರ ಬಾಯಿಗೆ ಬಟ್ಟೆ ತುರುಕಿ, ಮೇಲೆ ಹೆಂಗಸಿನ ಜಡೆಯೊಂದನ್ನು ಹಗ್ಗದ ಹಾಗೆ ಸುತ್ತಿ ಬಿಗಿದಿದ್ದರು. ಮಣ್ಣಿನೊಳಗೆ ಎಷ್ಟು ಕಾಲ ಕೂತಿತ್ತೋ, ಜಡೆಯಲ್ಲಿ ಎಣ್ಣೆಯ ವಾಸನೆ ಇನ್ನೂ ಹಸಿಯಾಗಿತ್ತು.

"ನೀವಿರೋ ಮನೇಲಿ ಹಿಂದೆ ಒಬ್ಬಳಿದ್ಲು, ಬಾಯಿ ಅಂದ್ರೆ ಬಾಯಿ. ತಡೀಲಾರ್ದೆ ಅವಳ ಗಂಡ ಅನ್ನಿಸ್ಕೊಂಡೋನು ಬಾಯಿಕಟ್ಟು ಮಾಟ ಮಾಡಿಸ್ದ. ಮಾಟಗಾರ ಅವಳ ಮಾತನ್ನೆಲ್ಲ ಈ ಮಡಕೇಲಿ ತುಂಬಿ, ಅವಳದೇ ಜಡೆ ಕೊಯ್ದು ಬಾಯಿ ಕಟ್ಟಿದ. ಮಾತಿಲ್ದೆ ಸೊರಗಿ ಸೊರಗಿ ಸತ್ಲು. ಮಡಕೆಗೆ ಮಾತ್ರ ರುಚಿ ಹತ್ತಿಬಿಡ್ತು. ಮುಚ್ಚಿ ಪಾದ್ರಿಗಳೇ, ನಿಮ್ಮ ಕಾಲಿಗೆ ಬೀಳ್ತೀನಿ, ಮುಚ್ಚಿಬಿಡಿ."

ರೇಡಿಯೋ ಅಜ್ಜಿ ಹೇಳುವ ನೂರು ಮಾತಿನಲ್ಲಿ ತೊಂಬತ್ತೊಂಬತ್ತು ಸುಳ್ಳು. ಇದು ಬೀದಿಗೆಲ್ಲ ಗೊತ್ತು. ಸ್ವತಃ ಅಜ್ಜಿಗೂ ಗೊತ್ತು. ಗ್ರಹಚಾರ ನೋಡಿ, ಆ ದಿನ ಅವಳು ಆ ಉಳಿದ ಒಂದನ್ನು ಹೇಳುತ್ತಿದ್ದಳು.

ಪಾದ್ರಿ ನಕ್ಕ. ಅವನ ನಗುವೆಂದರೆ ಸಾಮಾನ್ಯದ್ದಲ್ಲ. ಸಮುದ್ರ ದಾಟಿ ಬಂದ ಆ ಮನುಷ್ಯನ ಗಂಟಲಿನಲ್ಲಿ ದೇವರು ಸಿಡಿಲೊಂದನ್ನು ಮರೆತು ಬಿಟ್ಟುಹೋಗಿದ್ದ. ಅವನು ಪ್ರಾರ್ಥನೆಗೆ ಬಾಯಿ ತೆರೆದರೆ ಪಕ್ಕದ ಬೀದಿಯಲ್ಲಿ ಹಾಲು ಒಡೆಯುತ್ತಿತ್ತು, ಆಚೆ ಬೀದಿಯಲ್ಲಿ ಕೋಳಿಗಳು ದಿನದ ಲೆಕ್ಕ ಬಿಟ್ಟು ಮೊಟ್ಟೆ ಇಡುತ್ತಿದ್ದವು. ಗುಡುಗು ಪಾದ್ರಿ ಎಂದು ಹೆಸರಿಟ್ಟವರು ಕಡಿಮೆಯೇ ಹೇಳಿದ್ದರು. ಜೊತೆಗೆ, ಬರುವ ಹಡಗಿನಲ್ಲೇ ನಿಘಂಟು ನುಂಗಿ ಇಲ್ಲಿಯ ಭಾಷೆ ಕಲಿತಿದ್ದ. ಹಾಗೆಂದು ಸಿಕ್ಕವರಿಗೆಲ್ಲ ಹೇಳುತ್ತಲೂ ಇದ್ದ.

"ಅಜ್ಜಿಯವರೇ, ಮಾತು ಕೊಡುವುದು ಎಂದರೆ ವಾಗ್ದಾನ ಮಾಡುವುದು. ಮಡಕೆಗೆ ಯಾರಾದರೂ ವಾಗ್ದಾನ ಮಾಡುವುದುಂಟೇ?"

"ವಾಗ್ದಾನಾನೋ ಗೋದಾನಾನೋ ನಂಗೊತ್ತಿಲ್ಲ. ಕೊಡಬೇಡಿ ಅಂದೆ, ಅಷ್ಟೇ."

ಪಾದ್ರಿ ಚಾಕು ತೆಗೆದು ಜಡೆಯನ್ನು ಕೊಯ್ದ. ಬಟ್ಟೆ ಕಿತ್ತ. ಮಡಕೆಯ ಮೇಲೆ ಬಾಗಿ, ಬೇಕೆಂದೇ ಅಜ್ಜಿಗೆ ಕೇಳುವಂತೆ ಗುಡುಗಿದ: "ಎಲೈ ಮಡಕೆಯೇ! ಇಗೋ ನಿನಗೆ ಮಾತು ಕೊಡುತ್ತೇನೆ. ನನ್ನ ಮನೆಯಲ್ಲಿ ನಿನಗೇನು ಬೇಕೋ ಅದನ್ನು ತೆಗೆದುಕೋ!"

ಮಡಕೆಯೊಳಗಿಂದ ಬೆಚ್ಚಗಿನ ಗಾಳಿ ಬಂದು ಅವನ ಮುಖಕ್ಕೆ ಬಡಿಯಿತು. ನಿದ್ದೆಯಿಂದ ಆಗ ತಾನೇ ಎದ್ದವರ ಬಾಯಿವಾಸನೆ.

ರೇಡಿಯೋ ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮನೆಯೊಳಗೆ ಓಡಿದಳು. ಅವಳ ಬಾಯಿ ಮುಚ್ಚಿದ್ದನ್ನು ಬೀದಿ ಕಂಡದ್ದು ಅದೇ ಮೊದಲು.

ಪಾದ್ರಿಯ ಹೆಂಡತಿ ಮಡಕೆಯನ್ನು ತೊಳೆದು ಉಗ್ರಾಣದ ಮೂಲೆಯಲ್ಲಿಟ್ಟಳು. ಹಳೆ ಛತ್ರಿಗಳನ್ನು ಇಡಲು ಆಗುತ್ತದೆ ಎಂದುಕೊಂಡಳು. ಅವಳಿಗೆ ಆಗ ಮಡಕೆಗಿಂತ ದೊಡ್ಡ ಕಷ್ಟಗಳಿದ್ದವು. ಆ ಊರಿನ ಸೆಕೆಗೆ ಮೇಣದ ಬತ್ತಿಗಳು ಹಚ್ಚುವ ಮೊದಲೇ ತಲೆ ತಗ್ಗಿಸುತ್ತಿದ್ದವು. ಬೂಟುಗಳ ಮೇಲೆ ಬೆಳೆದ ಬೂಷ್ಟನ್ನು ಕತ್ತರಿಯಿಂದ ಕತ್ತರಿಸಬೇಕಿತ್ತು. ಹಾರ್ಮೋನಿಯಂ ಒಳಗೆ ಇರುವೆಗಳು ಸಂಸಾರ ಹೂಡಿದ್ದರಿಂದ, ಒತ್ತಿದ ಮನೆಯಿಂದ ಸ್ವರ ಬರುವ ಬದಲು ಇರುವೆ ಬರುತ್ತಿತ್ತು. ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಬಾಗಿಲು. ಆ ಬಾಗಿಲನ್ನು ಯಾರೂ ತಟ್ಟುತ್ತಿರಲಿಲ್ಲ. ಅವಳಿಗೆ ಬೀದಿಯ ಭಾಷೆ ಬಾರದು, ಬೀದಿಗೆ ಅವಳದು ಬಾರದು. ತಗಡಿನ ಸೂರಿನ ಪ್ರಾರ್ಥನಾ ಮಂದಿರಕ್ಕೂ ಬರುತ್ತಿದ್ದವನು ಒಬ್ಬನೇ, ಕಿವುಡ ದರ್ಜಿ. ಪ್ರಪಂಚದಲ್ಲಿ ಅವನಿಗೆ ಕೇಳಿಸುತ್ತಿದ್ದ ಏಕೈಕ ದನಿ ಪಾದ್ರಿಯದು. ಆ ಸುಖಕ್ಕೆ ಬಂದು ಕೂರುತ್ತಿದ್ದ.

ಎಲ್ಲರಿಗಿಂತ ಒಂಟಿ ಪಾದ್ರಿ ದಂಪತಿಯ ಮಗಳು ಪುಟ್ಟಿ. ಬೀದಿಯ ಮಕ್ಕಳು ಆಡುವುದನ್ನು ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನೋಡುವಳು. ಅವರು ಏನೋ ಕೂಗಿ ಕೇಳುವರು, ಇವಳಿಗೆ ಅರ್ಥವಾಗದು. ಕೆನ್ನೆಯ ಮೇಲೆ ಸರಳಿನ ಗೆರೆ ಹೊತ್ತು ಒಳಗೆ ಬರುವಳು.

ಒಂದು ಮಧ್ಯಾಹ್ನ ಉಗ್ರಾಣಕ್ಕೆ ಹೋದಳು. ಅದಕ್ಕೆ ಕಿಟಕಿಯಿಲ್ಲ, ಹಾಡುಹಗಲಲ್ಲೂ ಕತ್ತಲೆಯನ್ನು ಕೈಯಿಂದ ಸರಿಸಿಕೊಂಡು ಹೋಗಬೇಕು. ಮಡಕೆಯೊಳಗೆ ಮುಖವಿಟ್ಟು, "ನೀನ್ಯಾರು?" ಎಂದಳು.

"ನೀನ್ಯಾರು?" ಎಂದಿತು ಮಡಕೆ, ಅವಳದೇ ದನಿಯಲ್ಲಿ.

ಪುಟ್ಟಿ ನಕ್ಕಳು. ಮಡಕೆಯೂ ನಕ್ಕಿತು. ಅಲ್ಲಿಂದ ಅವಳಿಗೊಬ್ಬ ಗೆಳತಿ ಸಿಕ್ಕಂತಾಯಿತು. ತನ್ನ ಹಳೆಯ ಮನೆಯ ಕತೆ ಹೇಳಿದಳು, ಬಿಟ್ಟುಬಂದ ಬೆಕ್ಕಿನ ಕತೆ ಹೇಳಿದಳು, ಬಾರದ ಹಾಡು ಹಾಡಿದಳು. ಮೊದಮೊದಲು ಮಾರ್ದನಿ ತಟ್ಟನೆ ಬರುತ್ತಿತ್ತು. ಆಮೇಲೆ ತುಸು ತಡೆದು ಬರತೊಡಗಿತು, ಚಪ್ಪರಿಸಿ ನೋಡಿ ವಾಪಸ್ ಕೊಟ್ಟಂತೆ. ಆಮೇಲೆ ಕೆಲವು ಮಾತುಗಳು ವಾಪಸ್ ಬರಲೇ ಇಲ್ಲ. ಬೆಕ್ಕಿನ ಹೆಸರು ಬರಲಿಲ್ಲ. ಪುಟ್ಟಿಗೂ ಅದು ಮತ್ತೆ ನೆನಪಾಗಲಿಲ್ಲ.

"ರೀ, ಮಗು ಮಂಕಾಗಿದಾಳೆ. ಮಾತೇ ಆಡ್ತಿಲ್ಲ." ಅವರ ಮನೆಮಾತು ಬೇರೆ, ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ.

"ಹೊಸ ಜಾಗ ಕಣೇ. ಹೊಂದಿಕೊಳ್ತಾಳೆ. ನನ್ನ ಮಗಳಲ್ವಾ, ಬಾಯಿ ಎಲ್ಲಿ ಹೋಗುತ್ತೆ?"

ಮರುದಿನ ಮಧ್ಯಾಹ್ನ ತಾಯಿ ತಟ್ಟೆಗಳನ್ನಿಟ್ಟು ಕೂಗಿದಳು: "ಪುಟ್ಟೀ, ಊಟಕ್ಕೆ ಬಾ!"

"ಬಂದೆ ಅಮ್ಮಾ!" ಉಗ್ರಾಣದಿಂದ ಪುಟ್ಟಿಯ ದನಿ ಬಂತು.

ತಾಯಿ ಲೋಟ ತೆಗೆದುಕೊಳ್ಳಲು ತಿರುಗಿದಳು. ಪುಟ್ಟಿ ಮೇಜಿನ ಮುಂದೆಯೇ ಕೂತಿದ್ದಳು. ತುಟಿ ಬಿಗಿದು. ಕಣ್ಣು ಅಗಲಿಸಿ. ಕೈ ಮಾಡಿ ಉಗ್ರಾಣದ ಕಡೆ ತೋರಿಸುತ್ತಿದ್ದಳು.

"ಅಮ್ಮಾ, ಹಸಿವು!" ಎಂದಿತು ಉಗ್ರಾಣ.

ಲೋಟ ಬಿತ್ತು. ತಾಯಿ ಮಗಳನ್ನು ಹಿಡಿದು ಅಲುಗಾಡಿಸಿದಳು. ಪುಟ್ಟಿಯ ಬಾಯಿ ತೆರೆಯಿತು. ನಾಲಿಗೆ ಹೊರಳಿತು. ಗಾಳಿಯಷ್ಟೇ ಬಂತು.

ಪಾದ್ರಿ ಓಡಿ ಬರುವಷ್ಟರಲ್ಲಿ ತಾಯಿ ಸುತ್ತಿಗೆ ಹಿಡಿದು ಉಗ್ರಾಣದಲ್ಲಿ ನಿಂತಿದ್ದಳು. ಒಳಗೆ ಎಣ್ಣೆಯ ವಾಸನೆ. ಹಸಿ ಕೂದಲಿನ ವಾಸನೆ. ಕತ್ತಲೆ ಉಸಿರಾಡುತ್ತಿತ್ತು. ಅವಳು ಸುತ್ತಿಗೆ ಎತ್ತಿದಳು.

"ಅಮ್ಮಾ ಬೇಡ! ಒಡೀಬೇಡ! ನಾನು ಇದರೊಳಗಿದೀನಿ!"

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಒಡೆದರೆ ಮಾತು ಚೂರುಚೂರು. ಒಡೆಯದಿದ್ದರೆ ಮಗಳು ಜೀವಮಾನವಿಡೀ ಮೂಕಿ.

"ಬಿಡು ಅವಳನ್ನ!" ಪಾದ್ರಿ ಗುಡುಗಿದ. ಸೂರಿನ ಧೂಳು ಉದುರಿತು. "ದೇವರ ಹೆಸರಲ್ಲಿ ಹೇಳ್ತೀನಿ, ಬಿಡು!"

"ನೀನೇ ಮಾತು ಕೊಟ್ಟೆಯಲ್ಲಪ್ಪಾ," ಎಂದಿತು ಮಡಕೆ. ಪುಟ್ಟಿಯ ದನಿ. ಆದರೆ ಅದರ ಹಿಂದೆ ಇನ್ನೊಬ್ಬಳು ನಿಂತು ತುಟಿ ಆಡಿಸುತ್ತಿದ್ದಳು. "ಬೇಕಾದ್ದು ತಗೋ ಅಂದೆ. ತಗೊಂಡೆ. ಇದು ಚಿಕ್ಕದು. ಹೊಟ್ಟೆ ತುಂಬಲಿಲ್ಲ."

ನಿಘಂಟು ನುಂಗಿದವನಿಗೆ ಆ ಕ್ಷಣದಲ್ಲಿ ಮಾತು ಕೊಡುವುದರ ಎರಡೂ ಅರ್ಥ ಒಟ್ಟಿಗೆ ಹೊಳೆದವು. ಕೊಟ್ಟ ಮಾತು ಹಿಂದಕ್ಕೆ ಬರುವುದಿಲ್ಲ. ಬದಲಿಗೆ ಮಾತು ಕೊಡಬಹುದು. ಇನ್ನೂ ದೊಡ್ಡದನ್ನು.

ಅವನು ಮಂಡಿಯೂರಿದ. ಮಡಕೆಯನ್ನು ತಬ್ಬಿದ. ಅದರ ಬಾಯಿಗೆ ಬಾಯಿಟ್ಟ.

ಕೊಟ್ಟ. ಬಾಯಿಪಾಠವಿದ್ದ ಪ್ರಾರ್ಥನೆಗಳನ್ನೆಲ್ಲ ಕೊಟ್ಟ. ಪ್ರವಚನಗಳನ್ನು ಕೊಟ್ಟ. ಮಡಕೆ ಗಟಗಟ ಕುಡಿಯಿತು. ಅವ್ವ ಹಾಡಿದ ಜೋಗುಳ ಕೊಟ್ಟ. ಬೈಗುಳ ಕೊಟ್ಟ. ನಗು ಕೊಟ್ಟ. ಗಂಟಲು ಬಾವಿಯ ಹಾಗೆ ಬತ್ತುತ್ತಾ ಬಂತು. ಹೆಂಡತಿಯ ಹೆಸರು ಕೊಟ್ಟ. ತಳದಲ್ಲಿ ಒಂದು ಮಾತು ಉಳಿಯಿತು. ಅಂಟಿಕೊಂಡಿತ್ತು. ಬಿಡಲೊಲ್ಲದು. ಮಡಕೆ ಹೀರಿತು. ಅವನು ಅತ್ತ. ಮಡಕೆ ಹೀರಿತು.

"ಪುಟ್ಟಿ," ಎಂದ.

ಆಮೇಲೆ ಏನೂ ಇರಲಿಲ್ಲ.

ಹೊರಗೆ ಮೇಜಿನ ಬಳಿ ಮಗು ಅಳುವುದು ಕೇಳಿಸಿತು. ಗಟ್ಟಿಯಾಗಿ, ಬಾಯಿ ತುಂಬ. ತಾಯಿ ಓಡಿ ಎದೆಗವಚಿಕೊಂಡಳು. ಪುಟ್ಟಿ ಅಳುತ್ತಲೇ ಪಟಪಟನೆ ಮಾತಾಡತೊಡಗಿದಳು. ತಾಯಿಗೆ ಒಂದಕ್ಷರವೂ ತಿಳಿಯಲಿಲ್ಲ. ಮಗು ಬೀದಿಯ ಭಾಷೆಯಲ್ಲಿ ಮಾತಾಡುತ್ತಿತ್ತು, ಅದೇ ಬೀದಿಯಲ್ಲಿ ಹುಟ್ಟಿದವರ ಹಾಗೆ. ಮಡಕೆ ಹೊರಬಿಟ್ಟದ್ದು ಅದರೊಳಗೆ ಮೊದಲಿದ್ದವಳ ಮಾತನ್ನು, ಪುಟ್ಟಿಯ ಮನೆಮಾತು ಮಡಕೆಯಲ್ಲೇ ಉಳಿದಿತ್ತು.

"ಏನಂತಾಳ್ರೀ ಇವಳು? ನಿಮಗೆ ತಿಳಿಯುತ್ತಲ್ಲ, ಹೇಳ್ರೀ!"

ಪಾದ್ರಿ ಉಗ್ರಾಣದ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಎಲ್ಲವೂ ತಿಳಿಯುತ್ತಿತ್ತು. ಬಾಯಿ ತೆರೆದ, ಮುಚ್ಚಿದ.

ಬಟ್ಟೆ ತುರುಕಿ, ಕೊಯ್ದಿದ್ದ ಅದೇ ಜಡೆಯನ್ನು ಗಂಟು ಹಾಕಿ ಬಿಗಿದು, ಮಡಕೆಯನ್ನು ಅದೇ ಗುಂಡಿಯಲ್ಲಿ ಹೂತರು. ಮಗುವನ್ನು ಇನ್ನು ಆ ಮನೆಯಲ್ಲಿಡುವ ಧೈರ್ಯ ತಾಯಿಗಿರಲಿಲ್ಲ. ಮೂವರೂ ಹೊರಡಲು ಪೆಟ್ಟಿಗೆ ಕಟ್ಟಿದರು. ಆದರೆ ಪಾದ್ರಿ ಬೀದಿಯ ತಿರುವು ದಾಟಲಾರದೆ ಹೋದ. ಹಿತ್ತಲಿನಿಂದ ದೂರವಾದಷ್ಟೂ ಉಸಿರು ಕಟ್ಟಿತು, ತುಟಿ ನೀಲಿಯಾಯಿತು, ಹಿಂದೆ ಬಂದರೆ ಸರಿಹೋಯಿತು. ಎಷ್ಟು ಸಲ ನೋಡಿದರೂ ಅಷ್ಟೇ.

ಕೊನೆಗೆ ತಾಯಿ ಮಗಳು ಇಬ್ಬರೇ ಬಾಡಿಗೆ ಕಾರು ಹತ್ತಿದರು. ಕಿವುಡ ದರ್ಜಿ ಪೆಟ್ಟಿಗೆ ಎತ್ತಿಕೊಟ್ಟ. ರೇಡಿಯೋ ಅಜ್ಜಿ ಬೇಲಿಯ ಹಿಂದೆ ನಿಂತಿದ್ದಳು.

ಪುಟ್ಟಿ ಕಿಟಕಿಯಿಂದ ತಲೆ ಹೊರಹಾಕಿ ಅಪ್ಪನ ಬೆರಳು ಹಿಡಿದಳು. ಈಗ ಅವಳಿಗೆ ಇದ್ದದ್ದು ಬೀದಿಯ ಭಾಷೆ ಒಂದೇ.

"ಅಪ್ಪಾ, ನಮ್ಮನೆಗೆ ಬಂದೇ ಬರ್ತೀಯಲ್ಲಾ? ಮಾತು ಕೊಡು."

ಅವನ ಬಳಿ ಕೊಡಲು ಮಾತಿರಲಿಲ್ಲ. ತಲೆ ಅಲ್ಲಾಡಿಸಿದ, ಬೇಡ ಎನ್ನುವ ಹಾಗೆ. ತುಟಿಯ ಮೇಲೆ ಬೆರಳಿಟ್ಟು ಅವಳ ಬಾಯಿ ಮುಚ್ಚಲು ನೋಡಿದ.

"ಇಲ್ಲ, ಮಾತು ಕೊಡು ಅಪ್ಪಾ!"

ಮನೆಯ ಹಿಂದೆ, ಮಣ್ಣಿನಡಿಯಿಂದ, ಗುಡುಗಿದಂಥ ದನಿಯೊಂದು ಎದ್ದಿತು. ಕಿವುಡ ದರ್ಜಿ ಬೆಚ್ಚಿ ಹಿತ್ತಲ ಕಡೆ ತಿರುಗಿದ.

"ಬರ್ತೀನಿ ಪುಟ್ಟೀ," ಎಂದಿತು ಅಪ್ಪನ ದನಿ. "ಮಾತು ಕೊಟ್ಟೆ."